ಆಸ್ತಿ, ಉಯಿಲು, ಮೇಲ್ಮನವಿ: ಅಮೆರಿಕಕ್ಕೆ ಹೊಸದಾಗಿ ಬಂದವರು ವಕೀಲರನ್ನು ಆರಿಸುವ ಬಗೆ

ಅಮೆರಿಕಕ್ಕೆ ಬಂದ ಹೊಸದರಲ್ಲಿ ನಮ್ಮ ಹೆಚ್ಚಿನ ಕುಟುಂಬಗಳಿಗೆ ಗೊತ್ತಿರುವುದು ಕಂಪನಿಯವರು ನೇಮಿಸಿದ ವೀಸಾ ವಕೀಲರು ಮಾತ್ರ. ಮನೆ ಕೊಳ್ಳುವಾಗ, ಮಗು ಹುಟ್ಟಿದಾಗ, ಸರ್ಕಾರದ ಆದೇಶವೊಂದು ವಿರುದ್ಧವಾಗಿ ಬಂದಾಗ ಬೇಕಾಗುವವರು ಬೇರೆ. ಇಬ್ಬರು ಮೂವರು ವಕೀಲರಿರುವ ಸಣ್ಣ ಕಚೇರಿಯಲ್ಲಿ ಕ್ರಯಪತ್ರ, ಉಯಿಲು, ಮೇಲ್ಮನವಿ ಮೂರನ್ನೂ ವರ್ಷಗಟ್ಟಲೆ ನಿಭಾಯಿಸಿದವರು ಸಿಕ್ಕರೆ ಕಚೇರಿಯ ಗಾತ್ರ ನೋಡಿ ಹಿಂಜರಿಯಬೇಡಿ. ಅವರು ಇದುವರೆಗೆ ಮಾಡಿರುವ ಕೆಲಸವನ್ನು ವಿಚಾರಿಸಿ.

ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿನಲ್ಲಿ ನೋಂದಾಯಿಸಿದವರು ಭಾರತದ ಯಾವ ರಾಜ್ಯದಲ್ಲಾದರೂ ವಾದಿಸಬಹುದು. ಇಲ್ಲಿ ಸನ್ನದು ಆಯಾ ರಾಜ್ಯಕ್ಕೆ ಸೀಮಿತ. ಅದು ಚಾಲ್ತಿಯಲ್ಲಿದೆಯೇ, ಶಿಸ್ತುಕ್ರಮವೇನಾದರೂ ನಡೆದಿದೆಯೇ ಎಂಬುದನ್ನು ಆ ರಾಜ್ಯದ ಬಾರ್ (ವಕೀಲರ ಸಂಸ್ಥೆ) ಅಥವಾ ಆ ರಾಜ್ಯದ್ದೇ ಸರ್ವೋಚ್ಚ ನ್ಯಾಯಾಲಯದ ಜಾಲತಾಣದಲ್ಲಿ ನೋಡಿಕೊಳ್ಳಬಹುದು. ನಮ್ಮ ಕಡೆ ನೋಟರಿ ಎಂದರೆ ಸಾಮಾನ್ಯವಾಗಿ ವಕೀಲರೇ. ಇಲ್ಲಿ ನೋಟರಿಯ ಕೆಲಸ ಸಹಿಯನ್ನು ದೃಢೀಕರಿಸುವುದಷ್ಟೇ, ಆದ್ದರಿಂದ ಅವರ ಬಳಿ ಕಾನೂನು ಸಲಹೆ ಕೇಳಬಾರದು.

ಮ್ಯಾಸಚೂಸೆಟ್ಸ್, ಜಾರ್ಜಿಯಾಗಳಲ್ಲಿ ಮನೆಯ ಖರೀದಿಯನ್ನು ಮುಗಿಸಿಕೊಡುವವರು ವಕೀಲರು. ಕ್ಯಾಲಿಫೋರ್ನಿಯಾದಲ್ಲಿ ಅದು ಎಸ್ಕ್ರೋ ಕಂಪನಿಯ (ಖರೀದಿ ಮುಗಿಯುವವರೆಗೆ ಹಣ, ಪತ್ರಗಳನ್ನು ಇಟ್ಟುಕೊಳ್ಳುವ ಮಧ್ಯಸ್ಥರ) ಕೆಲಸ, ವಕೀಲರು ಬೇಕಾದರೆ ನೀವೇ ಗೊತ್ತುಮಾಡಿಕೊಳ್ಳಬೇಕು. ಪತ್ರದಲ್ಲಿ ಗಂಡ ಹೆಂಡತಿಯ ಹೆಸರು ಯಾವ ರೀತಿಯಲ್ಲಿ ಸೇರುತ್ತದೆ ಎಂಬುದನ್ನು ಅವಶ್ಯವಾಗಿ ಕೇಳಿ, ಏಕೆಂದರೆ ಜಾಯಿಂಟ್ ಟೆನೆನ್ಸಿಯಾದರೆ ಒಬ್ಬರ ನಂತರ ಮನೆ ಪ್ರೊಬೇಟ್ (ತೀರಿಕೊಂಡವರ ಆಸ್ತಿಯನ್ನು ನ್ಯಾಯಾಲಯದ ಮೂಲಕ ಇತ್ಯರ್ಥಪಡಿಸುವ ಪ್ರಕ್ರಿಯೆ) ಇಲ್ಲದೆ ಇನ್ನೊಬ್ಬರಿಗೆ ಸೇರುತ್ತದೆ, ಟೆನೆನ್ಸಿ ಇನ್ ಕಾಮನ್ ಆದರೆ ತೀರಿಕೊಂಡವರ ಪಾಲು ಉಯಿಲಿನ ಪ್ರಕಾರ ಹೋಗುತ್ತದೆ.

ಉಯಿಲನ್ನು ಮುಂದೂಡಬೇಡಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇವೆ. ತಂದೆತಾಯಿ ಇಬ್ಬರಿಗೂ ಏನಾದರೂ ಆದರೆ ಮಕ್ಕಳ ಪೋಷಕರನ್ನು ನೇಮಿಸುವುದು ನ್ಯಾಯಾಲಯ. ನಿಮ್ಮ ಆಯ್ಕೆ ಅದಕ್ಕೆ ತಿಳಿಯುವುದು ಮುಖ್ಯವಾಗಿ ಉಯಿಲಿನಿಂದ. ಊರಿನಲ್ಲಿರುವ ಅಜ್ಜಿಯ ಅಥವಾ ಚಿಕ್ಕಮ್ಮನ ಹೆಸರು ಬರೆಯುವುದಾದರೆ, ಅವರು ವೀಸಾ ಪಡೆದು ಬರುವವರೆಗೆ ಮಗುವನ್ನು ನೋಡಿಕೊಳ್ಳಲು ಹತ್ತಿರದಲ್ಲಿರುವ ಇನ್ನೊಬ್ಬರನ್ನೂ ಸೂಚಿಸಿ. ತೆರಿಗೆಯ ವಿಷಯವೂ ಇದೆ. ಇಲ್ಲಿ ಕಾಯಂ ನೆಲೆಸಿದವರಿಗೆ 2026ರಿಂದ ಒಂದೂವರೆ ಕೋಟಿ ಡಾಲರ್‌ವರೆಗೆ ಫೆಡರಲ್ (ಕೇಂದ್ರ ಸರ್ಕಾರದ) ಎಸ್ಟೇಟ್ ತೆರಿಗೆಯ, ಅಂದರೆ ತೀರಿಕೊಂಡವರ ಆಸ್ತಿಯ ಮೇಲಿನ ತೆರಿಗೆಯ ವಿನಾಯಿತಿ ಇದ್ದರೆ, ಭಾರತದಲ್ಲೇ ನೆಲೆಸಿರುವ, ಅಮೆರಿಕದ ಪೌರರಲ್ಲದ ತಂದೆತಾಯಿಯ ಹೆಸರಿನಲ್ಲಿ ಇಲ್ಲಿ ಮನೆಯೋ ಅಮೆರಿಕನ್ ಕಂಪನಿಯ ಷೇರುಗಳೋ ಇದ್ದಲ್ಲಿ ಅವರಿಗೆ ಸಿಗುವ ವಿನಾಯಿತಿ 60,000 ಡಾಲರ್ ಮಾತ್ರ. ಈ ತೆರಿಗೆಯ ಕುರಿತು ಎರಡು ದೇಶಗಳ ನಡುವೆ ಒಪ್ಪಂದವಿಲ್ಲ.

ಫೆಡರಲ್ ಮೇಲ್ಮನವಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಗಡುವು: ಜಿಲ್ಲಾ ನ್ಯಾಯಾಲಯದ ಸಿವಿಲ್ ತೀರ್ಪಿಗೆ 30 ದಿನ, ಫೆಡರಲ್ ಸರ್ಕಾರ ಪಕ್ಷಗಾರನಾಗಿದ್ದರೆ 60 ದಿನ. ಗಡೀಪಾರಿನ ಅಂತಿಮ ಆದೇಶವನ್ನು ಪ್ರಶ್ನಿಸಲು 30 ದಿನ. ಹದಿಮೂರು ಮೇಲ್ಮನವಿ ನ್ಯಾಯಾಲಯಗಳಲ್ಲಿ ಪ್ರತಿಯೊಂದಕ್ಕೂ ವಕೀಲರು ಪ್ರತ್ಯೇಕವಾಗಿ ಪ್ರವೇಶ ಪಡೆದಿರಬೇಕು. ಅಲ್ಲಿ ಹೊಸ ಸಾಕ್ಷ್ಯಕ್ಕೆ ಅವಕಾಶವಿಲ್ಲ; ಕೆಳಗೆ ಎತ್ತದ ತಕರಾರನ್ನು ಮೇಲೆ ಸಾಮಾನ್ಯವಾಗಿ ಕೇಳುವುದಿಲ್ಲ. ಮೇಲ್ಮನವಿ ನಡೆಸಿ ಅನುಭವವಿರುವ ವಕೀಲರು ಮೊದಲ ದಿನದಿಂದಲೇ ಕಡತವನ್ನು ಭದ್ರವಾಗಿ ಕಟ್ಟುತ್ತಾರೆ, ಆದ್ದರಿಂದ "ನೀವೇ ಬರೆದ ಬ್ರೀಫ್ (ಲಿಖಿತ ವಾದ) ಯಾವುದು, ತೀರ್ಪು ಏನಾಯಿತು?" ಎಂದು ಸಂಕೋಚವಿಲ್ಲದೆ ಕೇಳಿ.

ಕರ್ನಾಟಕದ ಜಮೀನಿನ ಪವರ್ ಆಫ್ ಅಟಾರ್ನಿಯನ್ನು ಊರಿನ ವಕೀಲರಿಂದಲೇ ಬರೆಸಿ, ಇಲ್ಲಿ ನೋಟರಿಯ ಮುಂದೆ ಸಹಿ ಹಾಕಿ, ಅಪೋಸ್ಟಿಲ್ (ಪತ್ರ ಬೇರೆ ದೇಶದಲ್ಲಿ ಮಾನ್ಯವಾಗಲು ಸರ್ಕಾರ ನೀಡುವ ದೃಢೀಕರಣ) ಮಾಡಿಸಿ ಕಳುಹಿಸಿ. ಅದು ಕರ್ನಾಟಕ ತಲುಪಿದ 3 ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿರಬೇಕು.