ಗಾಂಧಿ ಕ್ಲಾಸ್ ಇದ್ದ ಕಡೆ ಈಗ ಕುರುಕ್ಷೇತ್ರ

ತುಮಕೂರು ಪೇಟೆಯ ಹಳೇ ಟಾಕೀಸನ್ನು ನಾಟಕದ ಹಾಲ್ ಆಗುವಂತೆ ರಿಪೇರಿ ಮಾಡಿಸುವ ಹೊಣೆ ನನಗೆ ಬಂತು. ಯಾವ ಬಣ್ಣ, ಯಾವ ಸೀಟು ಅಂತಲೇ ಎಲ್ಲರೂ ಕೇಳುತ್ತಿದ್ದರು. ನಾನು ಮೊದಲು ಕರೆತಂದು ಹಾಲ್ ತೋರಿಸಿದ್ದು ನಾಟಕ ಕಲಿಸುವ ಹಾರ್ಮೋನಿಯಂ ಮೇಷ್ಟ್ರಿಗೆ. 1884ರಲ್ಲಿ ಗುಬ್ಬಿ ನಾಟಕ ಕಂಪನಿ ಹುಟ್ಟಿದ ಜಿಲ್ಲೆ ಇದು. ಇವತ್ತಿಗೂ ಇಲ್ಲಿ ರೈತರು, ಅಂಗಡಿಯವರು ಕೈಯಿಂದ ದುಡ್ಡು ಹಾಕಿ ಕುರುಕ್ಷೇತ್ರ ನಾಟಕ ಆಡುತ್ತಾರೆ. ಅವರಿಗೆ ಒಗ್ಗದ ಹಾಲ್ ಯಾಕೆ ಬೇಕು?

ಮೇಷ್ಟ್ರು ಒಳಗೆ ಬಂದವರೇ, "ಸ್ವಾಮಿ, ಇಲ್ಲಿ ಸೀನ್ ಎಲ್ಲಿ ಕಟ್ಟೋದು?" ಅಂದರು. ನಿಜ. ಸಿನಿಮಾ ಪರದೆಗೆ ಗೋಡೆ ಇದ್ದರೆ ಸಾಕು. ನಾಟಕಕ್ಕೆ ಅರಮನೆ, ಕಾಡು, ಬೀದಿ ಬರೆದ ಪರದೆಗಳು ಒಂದರ ಹಿಂದೆ ಒಂದು ಇಳಿಯಬೇಕು, ಪಕ್ಕದಲ್ಲಿ ಗದೆ ಹಿಡಿದ ಭೀಮ ಕಾಯಬೇಕು. ಹಾಗಾಗಿ ಗಾಂಧಿ ಕ್ಲಾಸ್, ಅಂದರೆ ಪರದೆಗೆ ಹತ್ತಿರದ ಅಗ್ಗದ ಸೀಟಿನ, ಬೆಂಚುಗಳನ್ನು ತೆಗೆಸಿ ರಂಗವನ್ನು ಅಲ್ಲಿಯವರೆಗೂ ಮುಂದಕ್ಕೆ ತಂದೆವು.

ಹೆಚ್ಚು ಹೊತ್ತು ಹಿಡಿದಿದ್ದು ಗೋಡೆ. ಸುಣ್ಣದ ಗಾರೆಯಲ್ಲಿ ಕಟ್ಟಿದ ಗೋಡೆಗೆ ಹಿಂದೆ ಯಾರೋ ಸಿಮೆಂಟ್ ಮೆತ್ತಿದ್ದರು. ಹಳೇ ಗೋಡೆ ನೆಲದಿಂದ ತೇವ ಎಳೆಯುತ್ತೆ, ಸುಣ್ಣದ ಮೈಯಿಂದ ಅದನ್ನು ಆಚೆ ಬಿಡುತ್ತೆ. ಸಿಮೆಂಟ್ ಆ ದಾರಿ ಮುಚ್ಚುತ್ತೆ. ಒಳಗೇ ನಿಂತ ತೇವಕ್ಕೆ ಇಟ್ಟಿಗೆ ಪುಡಿಯಾಗಿತ್ತು, ಬಿಳೀ ಉಪ್ಪು ಎದ್ದಿತ್ತು. ಸಿಮೆಂಟನ್ನೆಲ್ಲ ಉಳಿ ಹಿಡಿದು ಕೆತ್ತಿಸಿದೆ. ಗೋಡೆ ಆರಲು ಬಿಟ್ಟು, ನೆನೆಹಾಕಿದ ಸುಣ್ಣಕ್ಕೆ ಮರಳು ಸೇರಿಸಿ ಅರೆಸಿ, ಬೆಲ್ಲ ಮತ್ತು ಅಳಲೆಕಾಯಿ ಕೊಳೆಸಿದ ನೀರು ಹಾಕಿ ಗಾರೆ ಮಾಡಿಸಿದೆವು. ತೆಳ್ಳಗೆ ಒಂದು ಪದರ ಬಳಿದು, ಒದ್ದೆ ಗೋಣಿತಾಟು ಇಳಿಬಿಟ್ಟು, ಅದು ಬಿಗಿದ ಮೇಲೇ ಇನ್ನೊಂದು. ಅವಸರ ಮಾಡಿದರೆ ಬಿರುಕು ಗ್ಯಾರಂಟಿ. ಈ ಕೆಲಸ ಬಲ್ಲ ಹಿರಿಯ ಗಾರೆಯವರು ಸಿಕ್ಕರೆ ದಯವಿಟ್ಟು ಕೂಲಿಗೆ ಚೌಕಾಶಿ ಮಾಡಬೇಡಿ.

ಆಮೇಲೆ ಸದ್ದು. ರಂಗದ ಮೇಲೆ ನಿಂತು ಚಪ್ಪಾಳೆ ತಟ್ಟಿದರೆ ಆಪರೇಟರ್ ರೂಮಿನ ಕೆಳಗಿನ ಗೋಡೆಯಿಂದ ಟಪ್ ಅಂತ ವಾಪಸ್ ಬರುತ್ತಿತ್ತು. ಕಂದ ಪದ್ಯದ ಕೊನೆಯ ಎಳೆತ ಇದರಲ್ಲಿ ಕಲಸಿಹೋಗುತ್ತೆ, ಅಲ್ವಾ? ತೆಂಗಿನ ನಾರಿಗೆ ನಮ್ಮಲ್ಲಿ ಬರವಿಲ್ಲ. ನಾರಿನ ಹಲಗೆಗಳಿಗೆ ಬೇಗ ಬೆಂಕಿ ಹತ್ತದಂತೆ ಬೋರಾಕ್ಸ್ ನೀರು ಕುಡಿಸಿ, ಗೋಡೆಗೆ ಅಂಟಿಸದೆ ಹಿಂದೆ ಸಂದು ಬಿಟ್ಟು ಹೊಡೆಸಿದೆ. ಆ ಸಂದಿನಿಂದಲೇ ಕೆಳಗಿನ ಸ್ವರಗಳ ಗುಂಯ್‌ಗುಡುವಿಕೆ ತಗ್ಗಿತು. ಮೇಷ್ಟ್ರು ಮೈಕ್ ಇಲ್ಲದೆ ಹಾಡಿದರು. ಬಾಲ್ಕನಿಯ ಕೊನೇ ಸಾಲಿಗೆ ಒಂದೊಂದು ಅಕ್ಷರವೂ ಬಂತು.

ಬಾಗಿಲ ವಿಷಯದಲ್ಲಿ ಮಾತ್ರ ನಾನು ಯಾರ ಮಾತಿಗೂ ಬಗ್ಗಲಿಲ್ಲ. 1997ರಲ್ಲಿ ದೆಹಲಿಯ ಉಪಹಾರ್ ಟಾಕೀಸಿನಲ್ಲಿ ಬೆಂಕಿ ಬಿದ್ದು 59 ಜನ ಸತ್ತರು, ಬಾಲ್ಕನಿಯ ಕೆಲವು ಹೊರದಾರಿಗಳು ಮುಚ್ಚಿದ್ದವು. ನಮ್ಮಲ್ಲಿ ಎಲ್ಲ ಬಾಗಿಲೂ ಹೊರಕ್ಕೆ ತೆರೆಯುತ್ತವೆ. ಆಟ ನಡೆಯುವಾಗ ಬೀಗ ಹಾಕುವಂತಿಲ್ಲ.

ಮದುವೆಗೆ ಹಾಲ್ ಕೊಡುವುದಿಲ್ಲ. ನಾಟಕದವರಿಗೆ ಪ್ರಾಕ್ಟೀಸಿಗೂ ಅಲ್ಲೇ ಜಾಗ, ಕರೆಂಟ್ ದುಡ್ಡು ಕೊಟ್ಟರೆ ಸಾಕು. ಹೆಣ್ಣುಮಕ್ಕಳಿಗೆ ಬಣ್ಣ ಹಚ್ಚಿಕೊಳ್ಳಲು ಬೇರೆ ಕೋಣೆ, ಶೌಚಾಲಯ ಆಗಬೇಕು. ಮಳೆಗಾಲಕ್ಕೆ ಮೊದಲೇ ಅದನ್ನು ಮುಗಿಸುತ್ತೇವೆ.