ಕ್ರೂಸ್ ಹಡಗಿನಲ್ಲಿ ವಿಶಾಲ ಬಾಲ್ಕನಿಯುಳ್ಳ ಕ್ಯಾಬಿನ್ ಆರಿಸುವ ಬಗೆ

ಒಂದೇ ಹಡಗಿನಲ್ಲಿ, ಹೆಚ್ಚುಕಡಿಮೆ ಒಂದೇ ದರಕ್ಕೆ ಸಿಗುವ ಎರಡು ಕ್ಯಾಬಿನ್‌ಗಳ ಪೈಕಿ ಒಂದರ ಬಾಲ್ಕನಿ ಇನ್ನೊಂದರದಕ್ಕಿಂತ ಎರಡುಪಟ್ಟು ದೊಡ್ಡದಾಗಿರುವುದು ಅಪರೂಪವೇನಲ್ಲ. ಬುಕಿಂಗ್ ಪುಟದಲ್ಲಿ ಅವೆರಡಕ್ಕೂ ಹೆಸರು ಒಂದೇ, ತೋರಿಸುವ ಚಿತ್ರವೂ ಒಂದೇ. ಡೀಲಕ್ಸ್, ಪ್ರೀಮಿಯಂ ಮುಂತಾದ ವಿಶೇಷಣಗಳು ಕ್ಯಾಬಿನ್ ಇರುವ ಡೆಕ್ಕನ್ನೋ ಜೊತೆಗೆ ಸಿಗುವ ಸವಲತ್ತುಗಳನ್ನೋ ಸೂಚಿಸಬಹುದು. ಹೊರಗೆ ಕಾಲು ಚಾಚಲು ಎಷ್ಟು ಜಾಗವಿದೆ ಎಂಬುದನ್ನು ಅವು ಖಚಿತವಾಗಿ ಹೇಳುವುದಿಲ್ಲ. ಬಾಲ್ಕನಿಯ ಗಾತ್ರವನ್ನು ತೀರ್ಮಾನಿಸುವುದು ಬಹುಮಟ್ಟಿಗೆ ಹಡಗಿನ ಆಕಾರ. ಆದ್ದರಿಂದ ದರ್ಜೆಗಳ ಪಟ್ಟಿಯನ್ನು ಪಕ್ಕಕ್ಕಿಟ್ಟು ಡೆಕ್ ಪ್ಲಾನನ್ನು, ಅಂದರೆ ಹಡಗಿನ ಒಂದೊಂದು ಅಂತಸ್ತಿನ ನಕ್ಷೆಯನ್ನು, ಓದಲು ಕಲಿಯುವುದೇ ಈ ಆಯ್ಕೆಯ ಮೊದಲ ಕೆಲಸ.

ಹಡಗಿನ ಅಗಲಕ್ಕೆ ಒಂದು ಮಿತಿ ಇರುತ್ತದೆ. ಪನಾಮಾ ಕಾಲುವೆಯ ಹಳೆಯ ಲಾಕ್‌ಗಳನ್ನು (ನೀರು ತುಂಬಿಸಿ, ಖಾಲಿಮಾಡಿ ಹಡಗನ್ನು ಏರಿಸಿ ಇಳಿಸುವ ಕಟ್ಟೆಗಳನ್ನು) ದಾಟಬೇಕಾದ ಹಡಗುಗಳಿಗಂತೂ ಸುಮಾರು 32.3 ಮೀಟರ್ ಎಂಬ ಗೆರೆಯನ್ನು ಮೀರುವಂತಿರಲಿಲ್ಲ. ಹೆಚ್ಚು ಅಗಲದ ಹಡಗುಗಳಿಗಾಗಿ ಹೊಸ ಲಾಕ್‌ಗಳು ತೆರೆದದ್ದು 2016ರಲ್ಲಿ. ಈ ಅಗಲದೊಳಗೆ ಎರಡೂ ಬದಿಯ ಬಾಲ್ಕನಿಗಳು, ಅವುಗಳ ಒಳಗಿನ ಕ್ಯಾಬಿನ್‌ಗಳು, ಕಾರಿಡಾರ್‌ಗಳು ಮತ್ತು ನಡುವಿನ ಕಿಟಕಿಯಿಲ್ಲದ ಕೊಠಡಿಗಳು ಎಲ್ಲವೂ ಹಿಡಿಯಬೇಕು. ಹೀಗಾಗಿ ಬದಿಯ ಬಾಲ್ಕನಿಯನ್ನು ಒಂದು ಅಡಿ ಹೆಚ್ಚಿಸಿದರೆ ಅಷ್ಟು ಜಾಗ ಕೊಠಡಿಯ ಒಳಗಿನಿಂದಲೇ ಹೋಗುತ್ತದೆ. ಸಾಮಾನ್ಯ ಬಾಲ್ಕನಿಗಳು 35ರಿಂದ 55 ಚದರ ಅಡಿಯ ಆಸುಪಾಸಿನಲ್ಲಿ ನಿಂತುಬಿಡುವುದಕ್ಕೆ ಇದು ಮುಖ್ಯ ಕಾರಣ. ಆದರೆ ಹಡಗಿನ ನೇರಗೆರೆ ಎಲ್ಲಿ ಮುರಿಯುತ್ತದೆಯೋ, ಅಂದರೆ ಎಲ್ಲಿ ಅದು ಹೊರಕ್ಕೆ ಉಬ್ಬುತ್ತದೆಯೋ, ಒಳಕ್ಕೆ ಓರೆಯಾಗುತ್ತದೆಯೋ ಅಥವಾ ಮೆಟ್ಟಿಲಿನಂತೆ ಹಿಂದೆ ಸರಿಯುತ್ತದೆಯೋ, ಅಲ್ಲಿ ಕೊಠಡಿಗೆ ಸೇರಿಸಲಾಗದ ಜಾಗ ಉಳಿಯುತ್ತದೆ. ಆ ಜಾಗ ಬಾಲ್ಕನಿಯ ಪಾಲಾಗುತ್ತದೆ. ಹುಡುಕಬೇಕಾದದ್ದು ಇಂಥ ತಾಣಗಳನ್ನು.

ಹುಡುಕುವ ಮೊದಲು ಅಳತೆಯ ಬಗ್ಗೆ ಒಂದು ಮಾತು. ಚದರ ಅಡಿಯ ಲೆಕ್ಕವೊಂದನ್ನೇ ನೋಡಿದರೆ ಸಾಲದು, ಆಳವನ್ನು ಕೇಳಿ ತಿಳಿಯಬೇಕು. ಬಾಗಿಲಿನಿಂದ ರೇಲಿಂಗ್‌ವರೆಗಿನ ದೂರವೇ ಆಳ. 9 ಅಡಿ ಅಗಲ, ನಾಲ್ಕೂವರೆ ಅಡಿ ಆಳದ ಬಾಲ್ಕನಿ ಸುಮಾರು 40 ಚದರ ಅಡಿಯಾಗುತ್ತದೆ. ಅದರಲ್ಲಿ ಎರಡು ಕುರ್ಚಿ, ಒಂದು ಪುಟ್ಟ ಮೇಜು ಹಿಡಿಯುತ್ತವೆಯಾದರೂ ಒಬ್ಬರು ಎದ್ದು ರೇಲಿಂಗ್ ಬಳಿಗೆ ಹೋಗಬೇಕಾದರೆ ಇನ್ನೊಬ್ಬರು ಮೊಣಕಾಲು ಮಡಚಬೇಕಾಗುತ್ತದೆ. ಉದ್ದಕ್ಕೆ ಮಲಗಿಕೊಳ್ಳುವ ಕುರ್ಚಿಗೆ ಆರು ಅಡಿಯಾದರೂ ಬೇಕಾದ್ದರಿಂದ, ಇಷ್ಟು ಆಳದಲ್ಲಿ ಅದನ್ನು ಸಮುದ್ರಕ್ಕೆ ಮುಖಮಾಡಿ ಹಾಕಲು ಬರುವುದಿಲ್ಲ. ಗೋಡೆಗುಂಟ ಅಡ್ಡಲಾಗಿಯೇ ಇಡಬೇಕು. ಇಬ್ಬರು ಕುಳಿತು ಊಟ ಮಾಡಬೇಕೆಂದಿದ್ದರೆ ಆರು ಅಡಿಗಿಂತ ಕಡಿಮೆ ಆಳದ್ದನ್ನು ವಿಶಾಲವೆಂದು ಕರೆಯುವುದಕ್ಕೆ ನನ್ನ ಒಪ್ಪಿಗೆಯಿಲ್ಲ. ಕೆಲವು ಕಂಪನಿಗಳು ಕ್ಯಾಬಿನ್‌ನ ವಿಸ್ತೀರ್ಣವನ್ನು ಬಾಲ್ಕನಿಯನ್ನೂ ಸೇರಿಸಿ ಹೇಳುತ್ತವೆ, ಕೆಲವು ಬೇರೆಯಾಗಿ ಹೇಳುತ್ತವೆ. ಎರಡು ಹಡಗುಗಳನ್ನು ಹೋಲಿಸುವಾಗ ಇದನ್ನು ವಿಚಾರಿಸದಿದ್ದರೆ ಲೆಕ್ಕ ದಾರಿ ತಪ್ಪುತ್ತದೆ.

ಇನ್ನು ತಾಣಗಳ ವಿಚಾರ. ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಹಡಗಿನ ಹಿಂತುದಿ. ಅಲ್ಲಿ ಡೆಕ್‌ಗಳು ಒಂದರ ಮೇಲೊಂದು ಸ್ವಲ್ಪ ಸ್ವಲ್ಪ ಹಿಂದೆ ಸರಿದಿರುವುದರಿಂದ ಕೆಳಗಿನ ಡೆಕ್‌ನ ಬಾಲ್ಕನಿಗಳಿಗೆ ಹೆಚ್ಚಿನ ಆಳ ಸಿಗುತ್ತದೆ. ಹಿಂತುದಿಯ ಎರಡು ಮೂಲೆಗಳಲ್ಲಿ ಬಾಲ್ಕನಿ ಬದಿಯಿಂದ ಹಿಂಭಾಗಕ್ಕೆ ತಿರುಗಿ ಕ್ಯಾಬಿನ್ನನ್ನು ಸುತ್ತುವರಿಯುವುದುಂಟು. ಇವು ಬಹಳ ಹಡಗುಗಳಲ್ಲಿ ಸ್ವೀಟ್ ಎನ್ನುವ ದೊಡ್ಡ, ದುಬಾರಿ ಕ್ಯಾಬಿನ್‌ಗಳಿಗೆ ಮೀಸಲಾದರೂ, ಕೆಲವು ಹಡಗುಗಳಲ್ಲಿ ಸಾಮಾನ್ಯ ಬಾಲ್ಕನಿ ದರ್ಜೆಯಲ್ಲೇ ಸಿಗುತ್ತವೆ ಮತ್ತು ಬುಕಿಂಗ್ ತೆರೆದ ಕೂಡಲೇ ಖಾಲಿಯಾಗುತ್ತವೆ. ಹಿಂತುದಿಯ ಇನ್ನೊಂದು ಅನುಕೂಲ ಗಾಳಿಗೆ ಸಂಬಂಧಿಸಿದ್ದು. ಹಡಗು 20 ನಾಟ್ ವೇಗದಲ್ಲಿ ಸಾಗುತ್ತಿದ್ದರೆ, ಗಾಳಿಯೇ ಬೀಸದ ದಿನವೂ ಬದಿಯ ಬಾಲ್ಕನಿಯಲ್ಲಿ ಗಂಟೆಗೆ ಸುಮಾರು 37 ಕಿಲೋಮೀಟರ್ ವೇಗದ ಗಾಳಿ ಹಾದುಹೋಗುತ್ತಿರುತ್ತದೆ. ಹಿಂತುದಿಯಲ್ಲಿ ಇಡೀ ಹಡಗೇ ಗಾಳಿಗೆ ಅಡ್ಡನಿಂತಿರುವುದರಿಂದ ಕೂರುವುದು ಹಿತವಾಗಿರುತ್ತದೆ, ಪುಸ್ತಕದ ಹಾಳೆಗಳೂ ಸುಮ್ಮನಿರುತ್ತವೆ.

ದೋಷಗಳೂ ಇಲ್ಲಿಯೇ ಹೆಚ್ಚು. ಹೊಗೆಕೊಳವೆಯಿಂದ ಬರುವ ಮಸಿಯ ಕಣಗಳು ಕೆಲವೊಮ್ಮೆ ಕುರ್ಚಿ ಮೇಜುಗಳ ಮೇಲೆ ಬೀಳುತ್ತವೆ. ಕೆಳಗಿನ ಡೆಕ್‌ಗಳಲ್ಲಿ ಪ್ರೊಪೆಲರ್‌ಗಳ ನಡುಕ, ಅದರಲ್ಲೂ ಬಂದರಿಗೆ ಬರುವ ಮತ್ತು ಬಿಡುವ ಹೊತ್ತಿನಲ್ಲಿ, ನಿದ್ದೆ ಕೆಡಿಸುವಷ್ಟಿರಬಹುದು. ಹಡಗು ಮುಂದೆ ಹಿಂದೆ ತೂಗುವುದು ನಡುಭಾಗಕ್ಕಿಂತ ಎರಡೂ ತುದಿಗಳಲ್ಲಿ ಹೆಚ್ಚು; ಸ್ಟೆಬಿಲೈಸರ್ ರೆಕ್ಕೆಗಳು ಪಕ್ಕದಿಂದ ಪಕ್ಕಕ್ಕೆ ಹೊರಳುವುದನ್ನು ತಗ್ಗಿಸುತ್ತವೆಯೇ ಹೊರತು ಈ ತೂಗಾಟವನ್ನಲ್ಲ. ಕಡಲಬೇನೆಗೆ ಬೇಗ ಒಳಗಾಗುವವರು ಜಾಗದ ಆಸೆಗೆ ಹಿಂತುದಿಯನ್ನು ಆರಿಸಬಾರದು. ಇದಲ್ಲದೆ ಮೆಟ್ಟಿಲಿನಂತೆ ಇಳಿದಿರುವ ಬಾಲ್ಕನಿಗಳ ಮೇಲೆ ಮೇಲಿನವರ ಕಣ್ಣು ಬೀಳುತ್ತಲೇ ಇರುತ್ತದೆ.

ಎರಡನೆಯ ತಾಣ ಹಡಗಿನ ನಡುಭಾಗದ ಉಬ್ಬು. ಸೆಲೆಬ್ರಿಟಿ ಕ್ರೂಸಸ್‌ನ ಸೋಲ್‌ಸ್ಟಿಸ್ ವರ್ಗದ ಹಡಗುಗಳ ಬದಿಯನ್ನು ನೋಡಿದರೆ ಒಂದು ಭಾಗ ಹೊರಕ್ಕೆ ಚಾಚಿರುವುದು ಕಾಣುತ್ತದೆ. ಉಬ್ಬು ಆರಂಭವಾಗುವ ಮತ್ತು ಮುಗಿಯುವ ಓರೆಗಳಲ್ಲಿರುವ ಕ್ಯಾಬಿನ್‌ಗಳ ಬಾಲ್ಕನಿ ಪಕ್ಕದವುಗಳಿಗಿಂತ ದೊಡ್ಡದು. ಮುಂದಿನ ಓರೆಯಲ್ಲಿ ಕುಳಿತವರಿಗೆ ಹಡಗು ಸಾಗುವ ದಿಕ್ಕು ಕಾಣುತ್ತದೆ, ಗಾಳಿಯೂ ಹೆಚ್ಚು ಬಡಿಯುತ್ತದೆ; ಹಿಂದಿನ ಓರೆ ಹೆಚ್ಚು ನೆಮ್ಮದಿಯದು. ತೂಗಾಟ ಕಡಿಮೆ, ಲಿಫ್ಟ್ ಹತ್ತಿರ, ಜಾಗವೂ ಹೆಚ್ಚು ಎಂಬ ಮೂರೂ ಗುಣಗಳು ಒಟ್ಟಿಗೆ ಸಿಗುವ ಈ ಹಿಂದಿನ ಓರೆಯನ್ನೇ, ಅಂಥ ಹಡಗು ಸಿಕ್ಕರೆ, ನಾನು ಮೊದಲು ಸೂಚಿಸುತ್ತೇನೆ.

ಮೂರನೆಯದು ಬದಿಯಲ್ಲೇ ಮೆಟ್ಟಿಲುಮೆಟ್ಟಿಲಾಗಿ ಕಟ್ಟಿದ ಹಡಗುಗಳು. 1998ರ ಗ್ರ್ಯಾಂಡ್ ಪ್ರಿನ್ಸೆಸ್ ಮತ್ತು ಅದೇ ವಿನ್ಯಾಸದ ಹಡಗುಗಳಲ್ಲಿ ಕ್ಯಾರಿಬ್ ಡೆಕ್‌ನ ಬಾಲ್ಕನಿಗಳು ಅದರ ಮೇಲಿನ ಬಾಹಾ ಡೆಕ್‌ನವುಗಳಿಗಿಂತ ಹೊರಕ್ಕೆ ಚಾಚಿವೆ. ಅರ್ಧ ನೆರಳು, ಅರ್ಧ ತೆರೆದ ಆಕಾಶ ಇರುವ ಅವು ಬಲ್ಲವರ ನಡುವೆ ಹೆಸರಾದವು. ಅದರ ಕೆಳಗಿನ ಡಾಲ್ಫಿನ್ ಡೆಕ್‌ನ ಮಿನಿ ಸ್ವೀಟ್‌ಗಳ ಬಾಲ್ಕನಿಗಳಿಗೆ ಮೇಲೆ ಮುಚ್ಚಿಗೆಯೇ ಇಲ್ಲ. ಹೆಚ್ಚು ಹಣ ಕೊಟ್ಟು ಬಿಸಿಲು, ಮಳೆ ಮತ್ತು ಮೇಲಿನವರ ನೋಟ ಮೂರನ್ನೂ ಕೊಂಡಂತೆ. ದೊಡ್ಡ ಕೊಠಡಿ ಮುಖ್ಯವಾದವರಿಗೆ ಅದು ಸರಿಹೋಗಬಹುದು, ಬಾಲ್ಕನಿಯೇ ಮುಖ್ಯವಾದವರಿಗೆ ಕ್ಯಾರಿಬ್ ಡೆಕ್ ಲೇಸು.

ಮುಂತುದಿಯಲ್ಲೂ ಕೆಲವು ಹಡಗುಗಳಲ್ಲಿ ದೊಡ್ಡ ಬಾಲ್ಕನಿಗಳಿವೆ. ಆದರೆ ಗಾಳಿ ಜೋರಾದಾಗ ಅವುಗಳ ಬಾಗಿಲನ್ನು ತೆರೆಯಲಾಗದ ಹೊತ್ತುಗಳು ಬರುತ್ತವೆ. ಬ್ರಿಡ್ಜ್ ಎಂಬ ಚಾಲನಾ ಕೊಠಡಿಯಿಂದ ಹಡಗು ನಡೆಸುವವರ ಕಣ್ಣಿಗೆ ಅಡ್ಡಿಯಾಗದಿರಲೆಂದು ರಾತ್ರಿ ದೀಪ ಆರಿಸಿ ಪರದೆ ಎಳೆದಿರಬೇಕೆಂಬ ಸೂಚನೆಯೂ ಇರಬಹುದು.

ವಿಸ್ತಾರವಿದ್ದ ಮಾತ್ರಕ್ಕೆ ನೋಟವಿದೆ ಎಂದಲ್ಲ. ಕ್ವೀನ್ ಮೇರಿ 2ರ ಕೆಳಗಿನ ಡೆಕ್‌ಗಳ ಬಾಲ್ಕನಿಗಳನ್ನು ಹಡಗಿನ ಉಕ್ಕಿನ ಒಡಲಿನಲ್ಲೇ ಕೊರೆದಿರುವುದರಿಂದ ಅವು ಅಟ್ಲಾಂಟಿಕ್‌ನ ಗಾಳಿಗೆ ಒಳ್ಳೆಯ ರಕ್ಷಣೆ ಕೊಡುತ್ತವೆ. ಆದರೆ ಮುಂದಿರುವುದು ಗಾಜಲ್ಲ, ಉಕ್ಕಿನ ಗೋಡೆ. ಕುಳಿತಾಗ ಕಾಣುವುದು ಆಕಾಶವೇ ಹೊರತು ನೀರಲ್ಲ. ಅದೇ ಹಡಗಿನ ಎಂಟನೆಯ ಡೆಕ್‌ನಲ್ಲಿ ಹಲವು ಬಾಲ್ಕನಿಗಳ ಎದುರಿಗೆ ಲೈಫ್‌ಬೋಟ್‌ಗಳು ತೂಗುತ್ತಿರುತ್ತವೆ. ಬೇರೆ ಹಡಗುಗಳಲ್ಲೂ ಲೈಫ್‌ಬೋಟ್‌ಗಳ ಸಾಲಿಗೆ ತುಸು ಮೇಲಿರುವ ಡೆಕ್‌ನಲ್ಲಿ, ಹೊರಗೆ ನೋಡಿದರೆ ಸಮುದ್ರ, ಕೆಳಗೆ ನೋಡಿದರೆ ಕಿತ್ತಳೆ ಬಣ್ಣದ ದೋಣಿಯ ಬೆನ್ನು ಎಂಬ ಸ್ಥಿತಿ ಇರುತ್ತದೆ. ಇದು ಕೆಲವರಿಗೆ ಏನೂ ಅನಿಸದು, ದರವೂ ಕಡಿಮೆ ಇರುತ್ತದೆ.

ಬಾಲ್ಕನಿ ಎಂಬ ಹೆಸರಿನಲ್ಲಿ ಸಿಗುವ ಬೇರೆ ಬಗೆಗಳನ್ನೂ ಗುರುತಿಸಿಕೊಳ್ಳಬೇಕು. 2018ರಲ್ಲಿ ಬಂದ ಸೆಲೆಬ್ರಿಟಿ ಎಡ್ಜ್ ಹಡಗಿನ ಇನ್ಫಿನಿಟ್ ವರಾಂಡಾ ನಿಜಕ್ಕೂ ಕ್ಯಾಬಿನ್‌ನ ಹೊರ ಅಂಚಿಗಿರುವ ದೊಡ್ಡ ಕಿಟಕಿ. ಗುಂಡಿ ಒತ್ತಿದರೆ ಅದರ ಮೇಲಿನ ಅರ್ಧ ಕೆಳಗಿಳಿಯುತ್ತದೆ. ಕೊಠಡಿ ದೊಡ್ಡದಾಗುತ್ತದೆ, ಹೊರಗೆ ಹೋಗಿ ನಿಂತ ಅನುಭವ ಮಾತ್ರ ಸಿಗುವುದಿಲ್ಲ. 2009ರ ಓಯಸಿಸ್ ಆಫ್ ದಿ ಸೀಸ್‌ನ ಕೆಲವು ಬಾಲ್ಕನಿಗಳು ಹಡಗಿನ ನಡುವಿನ ಉದ್ಯಾನಕ್ಕೆ ಮುಖಮಾಡಿವೆ. ನದಿ ಹಡಗುಗಳಲ್ಲಿ ಫ್ರೆಂಚ್ ಬಾಲ್ಕನಿ ಎಂದರೆ ಬಾಗಿಲು ಮತ್ತು ರೇಲಿಂಗ್ ಅಷ್ಟೇ, ಕುರ್ಚಿ ಹಾಕಲು ಹೊರಗೆ ಜಾಗವಿಲ್ಲ.

ಈಗ ಡೆಕ್ ಪ್ಲಾನ್ ತೆರೆದು ಕೆಲಸಕ್ಕೆ ತೊಡಗಬಹುದು. ನಕ್ಷೆ ಪಕ್ಕಾ ಅಳತೆಯದ್ದೆಂದು ನಂಬಬೇಕಾಗಿಲ್ಲ, ಆದರೆ ಒಂದೇ ಸಾಲಿನ ಕ್ಯಾಬಿನ್‌ಗಳಲ್ಲಿ ಯಾವುದರ ಹೊರಚೌಕ ಉದ್ದವಾಗಿದೆ ಎಂಬುದನ್ನು ಹೋಲಿಸಲು ಅದು ಸಾಕು. ಕ್ಯಾಬಿನ್‌ನ ನೇರ ಮೇಲಿನ ಮತ್ತು ಕೆಳಗಿನ ಡೆಕ್‌ಗಳನ್ನೂ ನೋಡಬೇಕು. ಮೇಲೆ ಈಜುಕೊಳದ ಡೆಕ್ ಇದ್ದರೆ ಬೆಳಗಿನ ಜಾವದಲ್ಲೇ ಕುರ್ಚಿ ಎಳೆದಾಡುವ ಸದ್ದು ಕೇಳಿಸುತ್ತದೆ. ಆ ಡೆಕ್ ಹೊರಕ್ಕೆ ಚಾಚಿದ್ದರೆ ಬಾಲ್ಕನಿಗೆ ಬಿಸಿಲೇ ತಾಗದು. ಮೇಲೆ, ಕೆಳಗೆ ಎರಡೂ ಕಡೆ ಕ್ಯಾಬಿನ್‌ಗಳೇ ಇರುವ ಡೆಕ್ ಒಳ್ಳೆಯದು. ನಂತರ ಆ ಹಡಗನ್ನು ಬದಿಯಿಂದ ಮತ್ತು ಹಿಂದಿನಿಂದ ತೆಗೆದ ಫೋಟೋ ಹುಡುಕಿ, ಲೈಫ್‌ಬೋಟ್‌ಗಳನ್ನು ಎಣಿಸಿಕೊಂಡು ನಿಮ್ಮ ಕ್ಯಾಬಿನ್ ಎಲ್ಲಿ ಬರುತ್ತದೆಂದು ಗುರುತಿಸಿ. ರೇಲಿಂಗ್ ಗಾಜಿನದೋ ಉಕ್ಕಿನದೋ, ನೆರಳು ಎಲ್ಲಿ ಬೀಳುತ್ತದೆ, ಪಕ್ಕದಲ್ಲಿ ಕಂಬವಿದೆಯೇ ಎಂಬುದನ್ನು ನಕ್ಷೆ ಹೇಳುವುದಿಲ್ಲ, ಫೋಟೋ ಹೇಳುತ್ತದೆ.

ಎಡಬದಿಯೋ ಬಲಬದಿಯೋ ಎಂಬ ಪ್ರಶ್ನೆ ಹೊರಟ ಬಂದರಿಗೇ ಮರಳುವ ಪ್ರಯಾಣದಲ್ಲಿ ಅಷ್ಟು ಮುಖ್ಯವಲ್ಲ. ಒಂದು ಬಂದರಿನಿಂದ ಇನ್ನೊಂದಕ್ಕೆ ತೀರದಗುಂಟ ಸಾಗುವ ಪ್ರಯಾಣದಲ್ಲಿ ಮಾತ್ರ ದಡ ಯಾವ ಕಡೆ ಬರುತ್ತದೆಂದು ಭೂಪಟ ನೋಡಿ ತೀರ್ಮಾನಿಸಬೇಕು. ಉತ್ತರಾರ್ಧ ಗೋಳದಲ್ಲಿ ಪಶ್ಚಿಮಕ್ಕೆ ಸಾಗುವಾಗ ಬಲಬದಿ ಹೆಚ್ಚಾಗಿ ನೆರಳಿನಲ್ಲಿರುತ್ತದೆ, ಪೂರ್ವಕ್ಕೆ ಸಾಗುವಾಗ ಎಡಬದಿ.

ಕುಟುಂಬವಾಗಿ ಹೋಗುವವರಿಗೆ ಒಂದು ದೊಡ್ಡ ಬಾಲ್ಕನಿಗಿಂತ ಅಕ್ಕಪಕ್ಕದ ಎರಡು ಸಾಮಾನ್ಯ ಬಾಲ್ಕನಿಗಳೇ ಲಾಭವಾಗಬಹುದು. ನಡುವಿನ ತಡಿಕೆ ತೆರೆಯುವಂಥದ್ದಾಗಿದ್ದರೆ ಕ್ಯಾಬಿನ್ ಸಿಬ್ಬಂದಿ ಅದನ್ನು ತೆರೆದುಕೊಡುತ್ತಾರೆ. ತೆರೆಯುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಿ. ಗಾಲಿಕುರ್ಚಿ ಬಳಸುವವರಿಗೆಂದು ಮಾಡಿದ ಕ್ಯಾಬಿನ್‌ಗಳಲ್ಲೂ ಬಾಲ್ಕನಿ ದೊಡ್ಡದಿರುತ್ತದೆ, ಆದರೆ ಅವು ಅಗತ್ಯವಿರುವವರಿಗೆ ಮೀಸಲು. ಧೂಮಪಾನದ ನಿಯಮವನ್ನೂ ವಿಚಾರಿಸಿಕೊಳ್ಳಬೇಕು. 2006ರ ಮಾರ್ಚ್‌ನಲ್ಲಿ ಜಮೈಕಾ ಸಮೀಪ ಸ್ಟಾರ್ ಪ್ರಿನ್ಸೆಸ್ ಹಡಗಿನಲ್ಲಿ ಬಾಲ್ಕನಿಯಿಂದಲೇ ಬೆಂಕಿ ಹಬ್ಬಿದ ಮೇಲೆ ಬಾಲ್ಕನಿಯ ಪೀಠೋಪಕರಣ ಮತ್ತು ಬೆಂಕಿ ಆರಿಸುವ ವ್ಯವಸ್ಥೆಯ ಬಗ್ಗೆ ಅಂತರರಾಷ್ಟ್ರೀಯ ನಿಯಮಗಳು ಬಿಗಿಯಾದವು. ಆದರೂ ಬಾಲ್ಕನಿಯಲ್ಲಿ ಸೇದಬಹುದೇ ಎಂಬುದರಲ್ಲಿ ಕಂಪನಿ ಕಂಪನಿಗೂ ವ್ಯತ್ಯಾಸವಿದೆ, ಪಕ್ಕದವರ ಹೊಗೆಗೆ ತಡಿಕೆ ಅಡ್ಡಿಯಾಗದು.

ಕ್ಯಾಬಿನ್ ಸಂಖ್ಯೆ ನಿಶ್ಚಯವಾದ ಮೇಲೆ ಬುಕಿಂಗ್ ಮಾಡುವಾಗ ಗ್ಯಾರಂಟಿ ಎಂಬ ಅಗ್ಗದ ದರವನ್ನು ಒತ್ತಬೇಡಿ. ಅದರಲ್ಲಿ ಕ್ಯಾಬಿನ್ ಆರಿಸುವವರು ನೀವಲ್ಲ, ಕಂಪನಿ. ಅದೇ ರೀತಿ, ಉಚಿತ ಅಪ್‌ಗ್ರೇಡ್ ಸಿಕ್ಕರೆ ಒಪ್ಪಿಗೆಯೇ ಎಂಬ ಆಯ್ಕೆಗೆ ಬೇಡ ಎಂದು ಗುರುತು ಹಾಕಿ, ಟ್ರಾವೆಲ್ ಏಜೆಂಟರ ಮೂಲಕ ಮಾಡಿಸುತ್ತಿದ್ದರೆ ಅವರಿಗೂ ಇದನ್ನು ಬರಹದಲ್ಲಿ ತಿಳಿಸಿ. ಇಲ್ಲವಾದರೆ ಹೊರಡುವುದಕ್ಕೆ ಕೆಲವೇ ದಿನಗಳಿರುವಾಗ ನಿಮ್ಮನ್ನು ಹೆಚ್ಚಿನ ದರ್ಜೆಯ ಕ್ಯಾಬಿನ್ನಿಗೆ ಬದಲಿಸಿಬಿಡಬಹುದು, ಮತ್ತು ಅದರ ಬಾಲ್ಕನಿ ನೀವು ಆರಿಸಿದ್ದಕ್ಕಿಂತ ಚಿಕ್ಕದಾಗಿರಬಹುದು.