ಗಂಡ ಜರ್ಮನಿಯವರು, ನೀವು ಬೆಂಗಳೂರಿನವರು: ವಿಚ್ಛೇದನಕ್ಕೆ ಎಲ್ಲಿ, ಹೇಗೆ ಅರ್ಜಿ ಹಾಕೋದು?

ಮೊದಲು ಮದುವೆ ಸರ್ಟಿಫಿಕೇಟ್ ತೆಗೆದು ನೋಡಿ. ಯಾವ ಕಾಯ್ದೆಯಡಿ ಮದುವೆ ಆಗಿದೆ ಅನ್ನೋದೇ ಮುಖ್ಯ. 1954ರ ವಿಶೇಷ ವಿವಾಹ ಕಾಯ್ದೆಯಡಿ (ಯಾವ ಧರ್ಮದವರೇ ಆಗಲಿ ಸರ್ಕಾರಿ ಅಧಿಕಾರಿ ಮುಂದೆ ಆಗುವ ಮದುವೆ) ಆಗಿದ್ದರೆ ಹೆಂಡತಿ ತಾನಿರುವ ಊರಿನಲ್ಲೇ ಕೇಸು ಹಾಕಬಹುದು, ಗಂಡ ಎಲ್ಲೇ ಇರಲಿ. ಬೆಂಗಳೂರಾದರೆ ಫ್ಯಾಮಿಲಿ ಕೋರ್ಟಿಗೆ ಹೋಗಿ.

ಇಬ್ಬರೂ ಒಪ್ಪಿದ್ದರೆ ತುಂಬಾ ಸಲೀಸು. ಒಂದು ವರ್ಷ ಬೇರೆ ಇದ್ದಿರಬೇಕು, ಜಂಟಿ ಅರ್ಜಿ ಹಾಕಬೇಕು, 6 ತಿಂಗಳ ಮೇಲೆ ಇಬ್ಬರೂ ಮತ್ತೆ ಹೌದು ಅನ್ನಬೇಕು.

ಒಪ್ಪದಿದ್ದರೆ ಗಂಡನಿಗೆ ಕೋರ್ಟಿನ ಸಮನ್ಸ್ ತಲುಪಿಸೋದೇ ದೊಡ್ಡ ಕೆಲಸ. ಸುಮ್ನೆ ಅಂಚೆಯಲ್ಲೋ ವಾಟ್ಸಾಪಲ್ಲೋ ಕಳಿಸಿದರೆ ಸಾಲದು. ಹೇಗ್ ಒಪ್ಪಂದದ (ಕೋರ್ಟ್ ಕಾಗದಗಳನ್ನು ಬೇರೆ ದೇಶಕ್ಕೆ ತಲುಪಿಸುವ ಬಗ್ಗೆ ದೇಶಗಳು ಮಾಡಿಕೊಂಡ ಒಪ್ಪಂದ) ಪ್ರಕಾರ ಅದು ದೆಹಲಿಯ ಕಾನೂನು ಸಚಿವಾಲಯದ ಮೂಲಕ ಹೋಗಬೇಕು, ಜೊತೆಗೆ ಎಲ್ಲ ಕಾಗದಗಳ ಜರ್ಮನ್ ಅನುವಾದ ಇರಬೇಕು, ಇಲ್ಲದಿದ್ದರೆ ಅಲ್ಲಿಂದ ವಾಪಸ್ ಬಂದು ಕೇಸು ತಿಂಗಳುಗಟ್ಟಲೆ ನಿಂತುಬಿಡುತ್ತದೆ. ಅನುವಾದದ ಖರ್ಚು ಉಳಿಸಲು ಹೋಗಬೇಡಿ.

ಗಂಡನೇ ಜರ್ಮನಿಯಲ್ಲಿ ಕೇಸು ಹಾಕಿದರೆ? ಮದುವೆ ಯಾವ ಕಾಯ್ದೆಯಡಿ ಆಯಿತೋ ಅದರಲ್ಲಿಲ್ಲದ ಕಾರಣಕ್ಕೆ, ನಿಮ್ಮ ಒಪ್ಪಿಗೆಯಿಲ್ಲದೆ ವಿದೇಶದಲ್ಲಿ ಸಿಕ್ಕ ಡಿಕ್ರಿ (ವಿಚ್ಛೇದನದ ಕೋರ್ಟ್ ಆದೇಶ) ಇಲ್ಲಿ ನಿಲ್ಲುವುದಿಲ್ಲ ಅಂತ ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿದೆ. ಆದರೂ ನೋಟಿಸ್ ಬಂದರೆ ಮೂಲೆಗೆ ಎಸೆಯಬೇಡಿ. ನೀವಾಗಿಯೇ ಹೋಗಿ ವಾದ ಮಾಡಿದರೆ ಆ ಕೋರ್ಟನ್ನು ಒಪ್ಪಿದಂತೆ ಆಗಬಹುದು, ಹಾಗಾಗಿ ಉತ್ತರ ಬರೆಯುವ ಮೊದಲೇ ವಕೀಲರಿಗೆ ತೋರಿಸಿ.

ಇಲ್ಲಿ ಡಿಕ್ರಿ ಸಿಕ್ಕ ಮೇಲೂ ಒಂದು ಕೆಲಸ ಬಾಕಿ. ಜರ್ಮನಿಯಲ್ಲಿ ಮರುಮದುವೆ ಆಗಬೇಕಾದರೆ ಅಲ್ಲಿನ ರಾಜ್ಯದ ನ್ಯಾಯಾಡಳಿತ ಇಲಾಖೆ ಈ ಡಿಕ್ರಿಯನ್ನು ಮಾನ್ಯ ಮಾಡಬೇಕು. ಅದಕ್ಕೇ ಡಿಕ್ರಿಯ ಸರ್ಟಿಫೈಡ್ ಕಾಪಿ ಎರಡು ಮೂರು ಜಾಸ್ತಿ ತೆಗೆಸಿಡಿ. ಭಾರತದ ಅಪೋಸ್ಟಿಲನ್ನು (ಕಾಗದ ಅಸಲಿ ಅಂತ ವಿದೇಶಕ್ಕಾಗಿ ಹಾಕುವ ಸರ್ಕಾರಿ ಮುದ್ರೆ) ಜರ್ಮನಿ ಒಪ್ಪುವುದಿಲ್ಲ, ಹಾಗಾಗಿ ಕಾಗದ ಹೇಗೆ ದೃಢೀಕರಿಸಬೇಕು ಅಂತ ಆ ಇಲಾಖೆಯನ್ನೇ ಕೇಳಿ.